ಸುಮ್ಮನೆ ನಿಲ್ಲಲಾಗದ ಮೇಷ್ಟ್ರು

ಕಳೆದ ವಾರ ಬನಶಂಕರಿಯ ನಮ್ಮ ಮನೆಯ ಹಿಂದಿನ ಮೈದಾನದಲ್ಲಿ ಯಾರೋ ಕ್ರೀಡಾಕೂಟಕ್ಕೆಂದು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದರು. ನೆಲ ಒದ್ದೆಯಾಗಿತ್ತು. ಆ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ನೆನಪಾದರು...

ತೊಂಬತ್ತರ ದಶಕದ ನಡುವಿನ ಮಾತು. ನಾನು ಜಯನಗರದ ಒಂದು ಸಣ್ಣ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮೇಷ್ಟ್ರು ಉತ್ತರಹಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಐವತ್ತು ದಾಟಿದ್ದರೂ ನೆಟ್ಟಗಿನ ಮೈಕಟ್ಟು, ದಿನವೂ ತಿಕ್ಕಿ ಬೆಳ್ಳಗೆ ಮಾಡಿದ ಕ್ಯಾನ್ವಾಸ್ ಶೂ. ಬೆಳಗಿನ ಪ್ರಾರ್ಥನೆಯಲ್ಲಿ ಒಂದು ಮಗು ಅಲುಗಿದರೂ ಅವರ ಕಣ್ಣಿಗೆ ಬೀಳುತ್ತಿತ್ತು. "ನಿಂತ್ಕೊಳ್ಳೋದೂ ಒಂದು ವಿದ್ಯೆ ಕಣ್ರೋ" ಎಂದು ಗದರಿ, ಅಲುಗಿದವರನ್ನು ಇನ್ನೂ ಹತ್ತು ನಿಮಿಷ ಬಿಸಿಲಲ್ಲಿ ನಿಲ್ಲಿಸುತ್ತಿದ್ದರು.

ಅಂಥವರೇ ಒಂದು ವರ್ಷ ಪ್ರಾರ್ಥನೆಯ ನಡುವೆ ಓಡಾಡತೊಡಗಿದರು. ಮಕ್ಕಳ ಸಾಲುಗಳ ಹಿಂದೆ ಆ ತುದಿಯಿಂದ ಈ ತುದಿಗೆ, ಮತ್ತೆ ವಾಪಸ್ಸು. ಅಕ್ಕಿ ಅಂಗಡಿಯ ಕ್ಯೂನಲ್ಲಿ ಅರ್ಧಕ್ಕೇ ಬಿಟ್ಟು ಹೋದರೆಂದು ಯಾರೋ ಹೇಳಿದರು. ಒಂದು ಬೆಳಿಗ್ಗೆ ಅವರು ವರಾಂಡದ ಗೋಡೆ ಹಿಡಿದು ನಿಂತಿದ್ದನ್ನು ನಾನೇ ಕಂಡೆ. ಪ್ಯಾಂಟಿನ ಬಟ್ಟೆ ಗಾಳಿಯಿಲ್ಲದೆಯೂ ಅದುರುತ್ತಿತ್ತು.

ಅದೇ ವಾರ ಪೋಷಕರೊಬ್ಬರು ದೂರು ಕೊಟ್ಟರು: ಮೇಷ್ಟ್ರು ಬೆಳಿಗ್ಗೆಯೇ ಕುಡಿದು ಬರುತ್ತಾರೆ. ಅವರನ್ನು ತೆಗೆದುಹಾಕಬೇಕೆಂದು ಸ್ಟಾಫ್ ರೂಮಿನಲ್ಲಿ ಹೆಡ್ ಮೇಡಂಗೆಂದು ಒಂದು ಪತ್ರ ತಯಾರಾಯಿತು. ಅವರ ಹತ್ತಿರ ಎಂದಾದರೂ ವಾಸನೆ ಬಂದಿತ್ತೇ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ನನಗಂತೂ ಬಂದಿರಲಿಲ್ಲ. ಆದರೂ ಸಹಿ ಹಾಕಿದೆ. ಮೂರನೆಯ ಹೆಸರು ನನ್ನದು.

ಎರಡು ದಿನ ಬಿಟ್ಟು ಮೇಷ್ಟ್ರು ಲ್ಯಾಬಿನ ಬಾಗಿಲಿಗೆ ಬಂದರು.

"ಮೇಡಂ, ಶನಿವಾರ ಮಧ್ಯಾಹ್ನ ಬಿಡುವಿದ್ಯಾ? ನರದ ಡಾಕ್ಟ್ರ ಹತ್ರ ಹೋಗ್ಬೇಕು. ಅವ್ರು ಹೇಳೋದು ನಂಗೆ ಅರ್ಥ ಆಗಲ್ಲ. ನೀವು ಸೈನ್ಸ್ ಓದಿರೋರು."

ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಬಸ್ ಸ್ಟಾಪಿನಲ್ಲೂ ಅವರು ಅತ್ತಿತ್ತ ನಡೆಯುತ್ತಲೇ ಇದ್ದರು. "ನಡೆದ್ರೆ ಏನೂ ಇಲ್ಲ ಮೇಡಂ, ಕೂತ್ರೂ ಏನೂ ಇಲ್ಲ. ಸುಮ್ನೆ ನಿಂತ್ರೆ ಮಾತ್ರ ಕಾಲೊಳಗೆ ಮೋಟರ್ ಶುರುವಾಗುತ್ತೆ. ಬಿದ್ದೇ ಹೋಗ್ತೀನೇನೋ ಅನ್ಸುತ್ತೆ."

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಮೇಷ್ಟ್ರನ್ನು ಕೋಣೆಯ ನಡುವೆ, ಏನನ್ನೂ ಹಿಡಿಯದೆ ನಿಲ್ಲಲು ಹೇಳಿದರು. ಅರ್ಧ ನಿಮಿಷವಾಗಿರಲಿಲ್ಲ, ಮೊಣಕಾಲ ಮೇಲೆ ಸಣ್ಣಗೆ ನಡುಕ ಶುರುವಾಯಿತು. ಡಾಕ್ಟರು ಬಗ್ಗಿ ಮೇಷ್ಟ್ರ ತೊಡೆಗೆ ಸ್ಟೆತಸ್ಕೋಪ್ ಇಟ್ಟರು, ಕೇಳಿದರು, ಆಮೇಲೆ ಅದನ್ನು ನನ್ನ ಕಡೆ ಚಾಚಿದರು. "ನೀವೂ ಕೇಳಿ."

ಕೇಳಿದೆ. ದೂರದಲ್ಲೆಲ್ಲೋ ಹೆಲಿಕಾಪ್ಟರ್ ಹಾರುತ್ತಿರುವಂಥ ಸದ್ದು, ಒಂದೇ ಸಮನೆ. ಮೇಷ್ಟ್ರು ಕುರ್ಚಿಯಲ್ಲಿ ಕೂತೊಡನೆ ಅದು ನಿಂತುಹೋಯಿತು.

"ಇದು ನಿಂತಾಗ ಮಾತ್ರ ಬರೋ ನಡುಕ, ತುಂಬಾ ಅಪರೂಪ" ಎಂದರು ಡಾಕ್ಟರು. "ಥೈರಾಯ್ಡ್ ಜಾಸ್ತಿಯಾದ್ರೂ ಕಾಲು ನಡುಗಬಹುದು, ಪಾರ್ಕಿನ್ಸನ್ ಇದ್ರೂ ನಡುಗಬಹುದು, ಕೆಲವು ಮಾತ್ರೆಗಳಿಂದ್ಲೂ ಆಗುತ್ತೆ. ಅದೆಲ್ಲ ಇದ್ಯಾ ಅಂತ ಟೆಸ್ಟ್ ಮಾಡಿ ನೋಡೋಣ."

"ಕುಡಿದ್ರೆ?" ಮೇಷ್ಟ್ರು ಕೇಳಿದರು.

"ಕುಡಿತದ ನಡುಕ ಹೀಗಿರಲ್ಲ. ನೀವು ಕುಡೀತೀರಾ?"

"ಇಲ್ಲ. ಅದನ್ನ ಒಂದು ಕಾಗದದ ಮೇಲೆ ಬರೆದು ಕೊಡ್ತೀರಾ ಡಾಕ್ಟ್ರೇ?"

ನಾನು ಕಿಟಕಿಯ ಕಡೆ ನೋಡುತ್ತಾ ಕೂತೆ...

ಟೆಸ್ಟುಗಳಲ್ಲಿ ಬೇರೇನೂ ಸಿಗಲಿಲ್ಲ. ಮಾತ್ರೆಯಿಂದ ನಡುಕ ಪೂರ್ತಿ ಹೋಗಲಿಲ್ಲ, ತಗ್ಗಿತು. ಅದಕ್ಕೆಲ್ಲ ಮೊದಲೇ, ಡಾಕ್ಟರ ಹತ್ತಿರ ಹೋಗಿ ಬಂದ ಸೋಮವಾರವೇ ನಾನು ಸ್ಟಾಫ್ ರೂಮಿನಲ್ಲಿ ಎಲ್ಲವನ್ನೂ ಹೇಳಿ, ಹೆಡ್ ಮೇಡಂ ಹತ್ತಿರ ಹೋಗಿ ಪತ್ರದಿಂದ ನನ್ನ ಹೆಸರು ಹೊಡೆದುಹಾಕಿದೆ. ಒಬ್ಬರನ್ನು ಬಿಟ್ಟು ಉಳಿದವರೂ ಹೊಡೆದುಹಾಕಿದರು. ಮೇಷ್ಟ್ರ ಕೆಲಸ ಉಳಿಯಿತು. ಆಮೇಲೆ ಅವರು ಪ್ರಾರ್ಥನೆಗೆ ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಮಕ್ಕಳನ್ನು ನಿಲ್ಲಿಸುವ ಶಿಕ್ಷೆಯನ್ನು ಮತ್ತೆ ಯಾವತ್ತೂ ಕೊಡಲಿಲ್ಲ. ಸುಸ್ತಾದೆ ಎಂದವರಿಗೆ "ಹೋಗಿ ಕೂತ್ಕೋ" ಎಂದುಬಿಡುತ್ತಿದ್ದರು.

ಸಹಿಯ ವಿಷಯ ಮಾತ್ರ ನಾನು ಅವರಿಗೆ ಹೇಳಿರಲಿಲ್ಲ. ಅವರು ನಿವೃತ್ತರಾದ ದಿನ, ಹಾರ ತುರಾಯಿ ಎಲ್ಲ ಮುಗಿದು ಇಬ್ಬರೇ ಕಾಫಿ ಕುಡಿಯುವಾಗ, ಹೇಗೋ ಧೈರ್ಯ ಮಾಡಿದೆ. "ಮೇಷ್ಟ್ರೇ, ಆ ಪತ್ರಕ್ಕೆ ನಾನೂ ಸಹಿ ಹಾಕಿದ್ದೆ. ತಪ್ಪಾಯ್ತು."

ಅವರು ಲೋಟ ಕೆಳಗಿಟ್ಟರು.

"ಗೊತ್ತಿತ್ತು ಮೇಡಂ. ಹೆಡ್ ಮೇಡಂ ಅವತ್ತೇ ತೋರಿಸಿದ್ರು. ಅದಕ್ಕೇ ನಿಮ್ಮನ್ನ ಕರ್ಕೊಂಡು ಹೋಗಿದ್ದು. ನಾನು ಹೇಳಿದ್ರೆ ಯಾರೂ ನಂಬ್ತಿರ್ಲಿಲ್ಲ. ನೀವು ಕಿವಿಯಾರೆ ಕೇಳಿಸ್ಕೊಂಡ್ರೆ ಸುಮ್ನಿರಲ್ಲ ಅಂತ ಅನ್ನಿಸ್ತು."

ಅವರು ನಕ್ಕು, ಕಾಫಿ ಮುಗಿಸಿ, ಸೈಕಲ್ಲು ಹತ್ತಿ ಹೊರಟರು.

ಮೇಷ್ಟ್ರು ತೀರಿಕೊಂಡು ಕೆಲವು ವರ್ಷಗಳಾದವು. ಹೃದಯಾಘಾತವಂತೆ. ಸುದ್ದಿ ನನಗೆ ತಲುಪುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ನಿವೃತ್ತರಾದ ಮೇಲೆ ಅವರು ಎರಡು ಸಲ ಮನೆಗೆ ಕರೆದಿದ್ದರು. ಬನಶಂಕರಿಯಿಂದ ಉತ್ತರಹಳ್ಳಿ ಎಷ್ಟು ದೂರ? ನೇರ ಬಸ್ಸಿತ್ತು. ನಾಳೆ ಹೋದರಾಯಿತು, ಮುಂದಿನ ವಾರ ಹೋದರಾಯಿತು ಅಂದುಕೊಂಡೇ ಕಳೆದೆ... ಹೋಗಲೇ ಇಲ್ಲ.