ಮೂವತ್ತೇಳನೇ ಪುಟ

ಗೆಳೆಯರೇ, ಇವತ್ತು ವಿಲೆ ಪಾರ್ಲೆಯ ನಮ್ಮ ಕಾಲೇಜ್ ಲೈಬ್ರರಿಯ ಮೇಜಿನ ಮೇಲೆ ಯಾರೋ ಒಂದು ಪುಸ್ತಕ ಬಿಟ್ಟುಹೋಗಿದ್ದರು. ಮೊದಲ ಪುಟಗಳು ಹರಿದಿದ್ದವು. ನಮ್ಮದಂತೂ ಅಲ್ಲ. ಫೋಟೋ ತೆಗೆದು ಲೈಬ್ರರಿಯನ್‌ಗಳ ವಾಟ್ಸ್ಯಾಪ್ ಗ್ರೂಪ್‌ಗೆ ಹಾಕಿದೆ.

ಎರಡೇ ನಿಮಿಷದಲ್ಲಿ ವಡಾಲದ ಕಾಲೇಜಿನ ಸುಲೋಚನಕ್ಕ ಬರೆದರು: "ಆ ಹಸಿರು ದಾರದ ಹೊಲಿಗೆ ನನ್ನದೇ ಮಾರಾಯ್ತಿ. ಮೂವತ್ತೇಳನೇ ಪುಟ ನೋಡು, ನಮ್ಮ ಸೀಲ್ ಉಂಟು."

ಇತ್ತು. ಕಳ್ಳರ ಕಣ್ಣಿಗೆ ಬೀಳದಿರಲೆಂದು ಪ್ರತಿ ಲೈಬ್ರರಿಯೂ ಹೀಗೆ ತನ್ನ ಎಲ್ಲ ಪುಸ್ತಕಗಳಲ್ಲೂ ತಾನೇ ಆರಿಸಿದ ಒಂದು ಒಳಪುಟಕ್ಕೆ ಸೀಲ್ ಹೊಡೆಯುತ್ತದೆ. ಆದರೆ ಫೋಟೋದಲ್ಲೇ ತನ್ನ ಹೊಲಿಗೆ ಗುರುತಿಸುವ ಕಣ್ಣು ಎಷ್ಟು ಜನರಿಗಿದೆ?

"ಅಕ್ಕಾ, ನಿಮ್ಮ ಗುಟ್ಟು ಇಡೀ ಗ್ರೂಪ್‌ಗೆ ಗೊತ್ತಾಯ್ತಲ್ಲ" ಎಂದೆ.

"ಎಲ್ಲ ಲೈಬ್ರರಿಯನ್‌ಗಳೇ ಅಲ್ವಾ, ಕದಿಯುವವರು ಯಾರುಂಟು?"

ನಾನು ಓದಿದ್ದು ಅವರ ಕಾಲೇಜಿನಲ್ಲೇ. ಮನೆಗೆ ಬಂದವಳೇ ಕಪಾಟಿನ ಹಳೆಯ ಪುಸ್ತಕವೊಂದರ ಮೂವತ್ತೇಳನೇ ಪುಟ ತೆರೆದೆ. ಸೀಲ್ ಇನ್ನೂ ಮಾಸಿಲ್ಲ.