ಮನೆಯವರ ರಕ್ತ ಕೇಳಬಾರದು

ನಮ್ಮ ವಿದ್ಯಾರ್ಥಿ ಸಂಘದ ಸಭೆಗಳು ವಾಡಿ ಜಂಕ್ಷನ್ನಿನ ವೇಟಿಂಗ್ ರೂಮಿನಲ್ಲಿ ನಡೆಯುತ್ತಿದ್ದವು ಎಂದರೆ ಈಗಿನ ಹುಡುಗರು ನಗುತ್ತಾರೆ. ನಗಲಿ. ಆಗ ಒಂದೇ ವಿಶ್ವವಿದ್ಯಾಲಯದ ಕೆಳಗೆ ಬೇರೆ ಬೇರೆ ಊರುಗಳಲ್ಲಿ ವೈದ್ಯಕೀಯ ಕಾಲೇಜುಗಳಿದ್ದವು. ಒಂದರಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಹಗಲೆಲ್ಲ ರೈಲಿನಲ್ಲಿ ಕೂರಬೇಕು. ಎಲ್ಲ ದಿಕ್ಕಿನ ರೈಲೂ ಬಂದು ಕೂಡುವ ಜಾಗ ವಾಡಿ. ಅದಕ್ಕೇ ಎಲ್ಲ ಕಾಲೇಜುಗಳ ಸಂಘದವರು ಸೇರಿ ಮಾಡಿಕೊಂಡಿದ್ದ ಜಂಟಿ ಸಮಿತಿ ಅಲ್ಲೇ ಸೇರುತ್ತಿತ್ತು. ಸ್ಟೇಷನ್ ಮಾಸ್ತರರಿಗೆ ನಮಸ್ಕಾರ ಹಾಕಿ, ಬೆಂಚುಗಳನ್ನು ಎದುರುಬದುರು ಎಳೆದುಕೊಂಡು, ಪಕ್ಕದ ಕಾರ್ಖಾನೆಯ ಸಿಮೆಂಟಿನ ಧೂಳು ಕೂತ ಮೇಜಿನ ಮೇಲೆ ಚಹಾ ಇಟ್ಟುಕೊಂಡು ಠರಾವು ಮಾಡುತ್ತಿದ್ದರು. ಪರೀಕ್ಷೆ ಮುಂದೂಡಬೇಕು, ಹಾಸ್ಟೆಲಿಗೆ ನೀರು ಬೇಕು, ಹೌಸ್ ಸರ್ಜನ್ನರನ್ನು ದನದಂತೆ ದುಡಿಸಬಾರದು. ನಡುವೆ ಎಂಜಿನ್ ಕೂಗಿದರೆ ಭಾಷಣ ಮಾಡುವವನು ಬಾಯಿ ತೆರೆದುಕೊಂಡೇ ನಿಂತಿದ್ದು, ಅದರ ಕೂಗು ಮುಗಿದ ಮೇಲೆ ತನ್ನದನ್ನು ಮುಂದುವರಿಸುತ್ತಿದ್ದನಂತೆ.

ಅಂತೆ ಎಂದೆ, ಯಾಕೆಂದರೆ ಮೊದಮೊದಲು ನಾನು ಅದನ್ನು ಕಣ್ಣಾರೆ ಕಂಡವಳಲ್ಲ. ನಾನು ನಮ್ಮ ಕಾಲೇಜಿನ ಲೇಡಿ ರೆಪ್ರೆಸೆಂಟೇಟಿವ್. ಓದುವ ಹುಡುಗಿಯರೇ ಕೈಬೆರಳಲ್ಲಿ ಎಣಿಸುವಷ್ಟು. ಎದುರು ಯಾರೂ ನಿಲ್ಲದ ಕಾರಣ ಗೆದ್ದವಳು ನಾನು. ಹುಡುಗರ ಸಂಗಡ ವಾಡಿಗೆ ಹೋಗಿಬರುತ್ತೇನೆಂದರೆ ಹಾಸ್ಟೆಲಿನ ವಾರ್ಡನ್ ಬಾಯಿಯವರು ಕೆಂಡವಾಗುತ್ತಿದ್ದರು.

"ನಿನಗ ಆರಿಸಿ ತಂದಾರ ಅಂತ ರೈಲು ಹತ್ತಿಸಿ ಕಳಿಸ್ಲೇನು? ಸುಮ್ಮ ಕುಂತು ಓದ್ಕೋ," ಎನ್ನುತ್ತಿದ್ದರು.

ನಾನು ಗೆದ್ದ ಸುದ್ದಿ ಊರಿಗೆ ಮುಟ್ಟಿದಾಗ ಖುಷಿಪಟ್ಟವಳು ನನ್ನ ಅಕ್ಕ. ನಮ್ಮದು ಸೇಡಂ. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ಅವ್ವ ಎಮ್ಮೆ ಕಟ್ಟಿ, ಹಾಲು ಮಾರಿ ನಮ್ಮಿಬ್ಬರನ್ನು ಬೆಳೆಸಿದಳು. ಅಕ್ಕನನ್ನು ಚಿಂಚೋಳಿ ತಾಲೂಕಿನ ಐನಾಪುರಕ್ಕೆ ಕೊಟ್ಟಿತ್ತು. ಸಂಘ ಎಂದರೆ ಏನು, ಎತ್ತ ಅವಳಿಗೆ ಗೊತ್ತಿರಲಿಲ್ಲ. ಆದರೂ ತಂಗಿ ಆರಿಸಿ ಬಂದಿದ್ದಾಳೆ ಎಂದು ಓಣಿಗೆಲ್ಲ ಸಕ್ಕರೆ ಹಂಚಿದಳು. ಅಲ್ಲಿಂದ ಮುಂದೆ ನನ್ನ ಹೆಸರು ಹಿಡಿದು ಕರೆದದ್ದೇ ಇಲ್ಲ. "ಏನ್ರೀ ಮಂತ್ರಿಬಾಯಾರ, ಈ ಸಲ ನಮ್ಮೂರಿಗಿ ಏನ್ ಮಾಡ್ತೀರಿ?" ಎಂದು ಕಣ್ಣು ಮಿಟುಕಿಸುತ್ತಿದ್ದಳು.

ನಮ್ಮ ಸಂಘ ಮಾಡುತ್ತಿದ್ದ ನಿಜವಾದ ಕೆಲಸವೆಂದರೆ ರಕ್ತ ಕೊಡುವುದು. ಆಸ್ಪತ್ರೆಯಲ್ಲಿ ಕೂಡಿಟ್ಟ ರಕ್ತ ಇರುತ್ತಿದ್ದುದು ಅಷ್ಟಕ್ಕಷ್ಟೇ. ವಾರ್ಡಿನಿಂದ ಹಾಸ್ಟೆಲಿಗೆ ಸುದ್ದಿ ಬಂದರೆ ಆ ಗುಂಪಿನವನು ಊಟದ ತಾಟು ಬಿಟ್ಟು ಎದ್ದು ಹೋಗುತ್ತಿದ್ದ. ಯಾರದು ಯಾವ ಗುಂಪು ಎಂದು ನಮಗೆಲ್ಲ ಬಾಯಿಪಾಠ. ನನ್ನದು ಬಿ ಪಾಸಿಟಿವ್. ಹುಡುಗಿಯರಿಗೆ ರಕ್ತ ಎಲ್ಲಿಂದ ಬರಬೇಕು ಎಂದು ಚೇಷ್ಟೆ ಮಾಡಿದವರ ಬಾಯಿ ಮುಚ್ಚಿಸಲೆಂದೇ ನಾನು ಹಟಕ್ಕೆ ಬಿದ್ದು ಕೊಡುತ್ತಿದ್ದೆ. ಚುನಾವಣೆಯೂ ಇದರ ಮೇಲೇ ನಡೆಯುತ್ತಿತ್ತು. ಅಪರೂಪದ ಗುಂಪಿನವರಿಗೆ ಮೇಲಿಂದ ಮೇಲೆ ಕರೆ ಬರುತ್ತಿತ್ತು. ಅವರ ಮುಖ ಎಲ್ಲರಿಗೂ ಗೊತ್ತು, ಅವರ ಮೇಲೆ ಎಲ್ಲರಿಗೂ ಗೌರವ, ಓಟೂ ಅವರಿಗೇ. ಹೀಗೆ ನೆಗೆಟಿವ್ ರಕ್ತದವರೆಲ್ಲ ಒಬ್ಬೊಬ್ಬರಾಗಿ ಸಂಘದೊಳಗೆ ಬಂದು ಸೇರಿದ್ದರು. ಸಂಘ ವಾಡಿಗೆ ಹೊರಟಿತೆಂದರೆ ಕಾಲೇಜಿನ ನೆಗೆಟಿವ್ ರಕ್ತವೆಲ್ಲ ರೈಲು ಹತ್ತುತ್ತದೆ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ಮೈಯೊಳಗಿನ ಒಂದೊಂದು ನರದ ಹೆಸರೂ ಹೇಳಬಲ್ಲ ಜಾಣರು ನಾವು!

ನಮ್ಮಲ್ಲಿ ಇನ್ನೊಂದು ಕಟ್ಟಳೆ ಇತ್ತು. ರೋಗಿಯ ಮನೆಯವರ ರಕ್ತ ಕೇಳಬಾರದು. ನಾನು ಕಾಲೇಜು ಸೇರುವ ಮುಂಚೆ ಕಾಳಗಿ ಕಡೆಯ ಒಬ್ಬಾತನಿಗೆ, ನಿನ್ನ ಹೆಂಡತಿಗೆ ರಕ್ತ ಕೊಡು ಎಂದು ಕೇಳಿದ್ದರಂತೆ. ರಕ್ತ ಕೊಟ್ಟರೆ ಮೈ ಬತ್ತಿ ಹೋಗುತ್ತದೆ, ಗಂಡಸು ಕೆಲಸಕ್ಕೆ ಬಾರದವನಾಗುತ್ತಾನೆ ಎಂಬ ಹೆದರಿಕೆ ನಮ್ಮ ಕಡೆ ಆಗ ಮನೆಮನೆಯಲ್ಲೂ ಇತ್ತು. ಆತ ಬೀಡಿ ಸೇದಿ ಬರುತ್ತೇನೆಂದು ಹೊರಗೆ ಹೋದವನು ಬಂಡಿ ತಂದು, ಯಾರೂ ನೋಡದ ಹೊತ್ತಿನಲ್ಲಿ ಹೆಂಡತಿಯನ್ನು ಹೊತ್ತುಕೊಂಡು ಹೋಗಿಬಿಟ್ಟ. ಅವಳು ದಾರಿಯಲ್ಲೇ ಸತ್ತಳು. ಆಗಿನ ಹುಡುಗರಿಗೆ ಅದು ಎದೆಗೆ ನಾಟಿತು. ಇನ್ನು ಮೇಲೆ ಮನೆಯವರನ್ನು ಕೇಳುವುದೇ ಬೇಡ, ನಾವಿದ್ದೇವೆ ಎಂದು ಕಟ್ಟಳೆ ಮಾಡಿದರು. ಹೊಸದಾಗಿ ಬಂದವರಿಗೆ ಮೊದಲು ಹೇಳಿಕೊಡುತ್ತಿದ್ದ ಮಾತು ಅದೇ. ಬರುಬರುತ್ತ ಡಾಕ್ಟರರಿಗೂ ಅದೇ ರೂಢಿಯಾಯಿತು. ರಕ್ತ ಬೇಕೆಂದರೆ ಅವರ ಕಣ್ಣು ಹಾಸ್ಟೆಲಿನ ಕಡೆ ಹೊರಳುತ್ತಿತ್ತೇ ಹೊರತು ರೋಗಿಯ ಪಕ್ಕದಲ್ಲಿ ಕೂತವರ ಕಡೆ ಅಲ್ಲ. ಅದು ಒಳ್ಳೆಯ ಕಟ್ಟಳೆ ಎಂದು ನಾನೂ ನಂಬಿದ್ದೆ.

ನಾನು ಹೇಳಹೊರಟ ದಿನ ನಮ್ಮವರು ವಾಡಿಗೆ ಹೋದದ್ದು ಈ ಕಟ್ಟಳೆಯ ಸಲುವಾಗಿಯೇ. ಉಳಿದ ಕಾಲೇಜುಗಳೂ ಇದನ್ನು ಒಪ್ಪಿಕೊಳ್ಳಲಿ ಎಂದು ಠರಾವು ಮಂಡಿಸುವವರಿದ್ದರು. ಆಗಿನ ನಮ್ಮ ಸೆಕ್ರೆಟರಿ ಶಹಾಬಾದಿನವನು, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ದುಡಿಯುವವರ ಮಗ. ರಕ್ತ ಓ ನೆಗೆಟಿವ್. ಆ ಗುಂಪಿನ ಇನ್ನೊಬ್ಬ ಕ್ರೀಡಾ ಕಾರ್ಯದರ್ಶಿ. ಬೆಳಗಿನ ರೈಲಿಗೆ ಇಬ್ಬರೂ ಹೊರಟರು.

"ನಿಮ್ಮದೂ ಹೇಳ್ತೀನ್ರಿ ಬಾಯಾರ, ನಮ್ಮಲ್ಲಿ ಹುಡಿಗ್ಯಾರೂ ರಕ್ತ ಕೊಡ್ತಾರ ಅಂತ. ಅವರು ದಂಗ ಬಡೀಬೇಕು," ಎಂದು ಹೇಳಿ ಸೆಕ್ರೆಟರಿ ಹೋದ.

ಬಿಸಿಲು ಏರುವ ಹೊತ್ತಿಗೆ ಅವ್ವ, ಹೆರಿಗೆಗೆಂದು ತವರಿಗೆ ಬಂದಿದ್ದ ಅಕ್ಕನನ್ನು ಜೀಪಿನಲ್ಲಿ ಹಾಕಿಕೊಂಡು ಸೇಡಂನಿಂದ ನಮ್ಮ ಆಸ್ಪತ್ರೆಗೆ ಬಂದಳು. ಅದು ಅಕ್ಕನ ಎರಡನೆಯ ಹೆರಿಗೆ. ಮೊದಲನೆಯದರಲ್ಲಿ ಕೂಸು ಸತ್ತು ಹುಟ್ಟಿತ್ತು. ಬಂದ ಸ್ವಲ್ಪ ಹೊತ್ತಿಗೆ ಹೆರಿಗೆಯಾಯಿತು. ಹೆಣ್ಣು ಕೂಸು, ಗಟ್ಟಿಯಾಗಿ ಅತ್ತಿತು. ನಾನು ಅವ್ವನ ಮಡಿಲಿಗೆ ಹಾಕಿ ನಕ್ಕು ತಿರುಗಿ ನೋಡಿದರೆ, ಅಕ್ಕನಿಗೆ ರಕ್ತ ಹೋಗುವುದು ನಿಂತಿರಲಿಲ್ಲ.

ಗುಂಪು ನೋಡಿದರು. ಓ ನೆಗೆಟಿವ್. ಹಾಸ್ಟೆಲಿನಿಂದ ಓ ಪಾಸಿಟಿವ್ ಹುಡುಗರು ಓಡಿ ಬಂದರು, ಆದರೆ ಅವರ ರಕ್ತ ಹೊಂದಲಿಲ್ಲ. ಮೊದಲ ಬಸಿರಿನಲ್ಲೇ ಅಕ್ಕನ ರಕ್ತ ಪಾಸಿಟಿವ್ ರಕ್ತಕ್ಕೆ ಎದುರು ನಿಂತಿತ್ತು. ಗಾಜಿನ ಮೇಲೆ ಬೆರೆಸಿದ್ದೇ ತಡ, ಒಡೆದ ಹಾಲಿನಂತೆ ಗಂಟುಗಂಟಾಗುತ್ತಿತ್ತು. ಹೊಂದದ ರಕ್ತ ಏರಿಸಿದರೆ ಅದೇ ಜೀವ ತೆಗೆಯುತ್ತದೆ. "ಓ ನೆಗೆಟಿವ್ ಯಾರದರ ಅದ ಏನ್ರೋ? ಓ ನೆಗೆಟಿವ್!" ಎಂದು ಹೌಸ್ ಸರ್ಜನ್ ವರಾಂಡದಲ್ಲಿ ನಿಂತು ಕೂಗಿದ. ಕೂಗು ವಾರ್ಡಿನ ಆ ತುದಿಯವರೆಗೂ ಕೇಳಿಸಿತು. ಹುಡುಗರೂ ಅದನ್ನೇ ಕೂಗುತ್ತ ಹಾಸ್ಟೆಲಿನ ಕಡೆ ಓಡಿದರು. ಎಷ್ಟೋ ಮಂದಿ ಗುರುತಿಲ್ಲದವರಿಗೆ ಕೊಟ್ಟಿದ್ದ ನನ್ನ ರಕ್ತ ಒಡಹುಟ್ಟಿದವಳಿಗೆ ಬಾರದಾಯಿತು. ಆ ಹೊತ್ತಿನಲ್ಲಿ ನನ್ನ ಮೈಯ ಮೇಲೆ ನನಗೇ ಸಿಟ್ಟು ಬಂದಿತ್ತು.

ಒಬ್ಬ ಸಹಪಾಠಿ ಸೈಕಲ್ ತುಳಿದು ಸ್ಟೇಷನ್ನಿಗೆ ಹೋದ. ಅಲ್ಲಿಯ ಮಾಸ್ತರರು ರೈಲಿನವರ ಫೋನಿನಲ್ಲಿ ವಾಡಿಗೆ ಹೇಳಿದರು. ಠರಾವು ಮಂಡಿಸಲು ಕ್ರೀಡಾ ಕಾರ್ಯದರ್ಶಿಯನ್ನು ಉಳಿಸಿಕೊಂಡು, ಸಭೆಯ ನಡುವಿನಿಂದ ಸೆಕ್ರೆಟರಿಯನ್ನು ಎಬ್ಬಿಸಿ, ಬಿಡುತ್ತಿದ್ದ ಪ್ಯಾಸೆಂಜರ್ ಗಾಡಿಗೆ ಹತ್ತಿಸಿದರಂತೆ. ಸಹಪಾಠಿ ಬೆವರು ಸುರಿಸುತ್ತ ವಾಪಸು ಬಂದು, "ಹೊಂಟಾನಂತ! ಗಾಡಿ ಹತ್ಯಾನಂತ!" ಎಂದು ಕೂಗಿದಾಗ ನಮಗೆಲ್ಲ ಹೋದ ಜೀವ ಬಂದಂತಾಯಿತು. ಡಾಕ್ಟರು ಸಲೈನ್ ಹಾಕಿ, ಹೊಟ್ಟೆ ಒತ್ತಿ ಹಿಡಿದು, ತಮ್ಮ ಕೈಲಾದದ್ದೆಲ್ಲ ಮಾಡಿದರು. ಉಳಿದವರು ರೈಲಿನ ದಾರಿ ನೋಡತೊಡಗಿದೆವು. ಬರುತ್ತಿದ್ದಾನೆ ಎಂಬ ಆ ಒಂದು ಮಾತೇ ನಮ್ಮ ಕಣ್ಣು ಕಟ್ಟಿಹಾಕಿತೆಂದು ಈಗ ಅನ್ನಿಸುತ್ತದೆ. ಬೇರೆ ಕಡೆ ನೋಡಲು ಯಾರಿಗೂ ಮನಸ್ಸೇ ಬರಲಿಲ್ಲ.

ಅವ್ವ ವಾರ್ಡಿನ ಬಾಗಿಲಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು.

"ಯಾರು ಬರ್ಬೇಕಾಗ್ಯಾದವ್ವ?" ಎಂದು ಕೇಳಿದಳು.

"ರಕ್ತ ಕೊಡವ್ರು. ವಾಡಿಯಿಂದ ಬರ್ಲಿಕತ್ತಾರ."

"ಅಷ್ಟು ದೂರದಿಂದ ಏನು?" ಎಂದು ಬೆರಗಾಗಿ, ಕೂಸಿನ ಬಾಯಿ ಒರೆಸಿದಳು.

ಅಕ್ಕ ನೀರು ಕೇಳುತ್ತಿದ್ದಳು. ರಕ್ತ ಹೋಗುವವರಿಗೆ ವಿಪರೀತ ಬಾಯಾರುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. "ಭಾಳ ನೀರಡಿಕಿ ಆಗ್ಯಾದ, ಮಂತ್ರಿಬಾಯಿ," ಎಂದಳು. ಒದ್ದೆ ಬಟ್ಟೆಯಿಂದ ತುಟಿ ಒರೆಸಿದೆ. ಕೂಸು ಯಾರಂಗ ಅದ ಎಂದು ಕೇಳಿದಳು. ನಿನ್ನಂಗೇ ಎಂದೆ. ಅದನ್ನು ಕೇಳಿಸಿಕೊಂಡಳೋ ಇಲ್ಲವೋ ತಿಳಿಯದು.

ಗಾಡಿ ಶಹಾಬಾದಿನಲ್ಲಿ ನಿಂತುಬಿಟ್ಟಿತ್ತು. ಮುಂದೆ ಗೂಡ್ಸು ಗಾಡಿ ಕೆಟ್ಟು ನಿಂತು ಹಳಿ ಕಟ್ಟಿತ್ತು. ಸೆಕ್ರೆಟರಿ ಕಾದು ಸಾಕಾಗಿ ಇಳಿದು, ತನ್ನೂರಿನ ಖಣಿಯ ಕಡೆ ಓಡಿ, ಕಲ್ಲು ಹೇರಿದ ಲಾರಿ ಹತ್ತಿ ಬಂದ. ಬಂದಾಗ ತಲೆಯಿಂದ ಕಾಲಿನವರೆಗೂ ಕಲ್ಲಿನ ಹುಡಿ. ಅಂಗಿಯ ತೋಳು ಆಗಲೇ ಮೇಲಕ್ಕೆ ಮಡಚಿಕೊಂಡಿದ್ದ. ಅಷ್ಟರಲ್ಲಿ ಅಕ್ಕನ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಅವನು ಅದನ್ನು ನೋಡಿ ಗೋಡೆಗೆ ಒರಗಿ ಕೆಳಗೆ ಕುಸಿದ. ನಾನು ಬಾಯಿಬಡಿದುಕೊಂಡು ಅಳುತ್ತಿದ್ದೆ. ಅವ್ವನೇ, ಕೂಸನ್ನು ಎದೆಗೆ ಒತ್ತಿಕೊಂಡು, "ಆ ಹುಡುಗಗ ಒಂದಿಷ್ಟು ನೀರು ಕೊಡ್ರವ್ವ, ಓಡಿ ಬಂದಾನ," ಎಂದಳು.

ಅವತ್ತು ವಾಡಿಯಲ್ಲಿ ಠರಾವು ಪಾಸಾಗಿತ್ತು. ಚಪ್ಪಾಳೆ ತಟ್ಟಿ ಒಪ್ಪಿಕೊಂಡರಂತೆ. ತಿಂಗಳುಗಟ್ಟಲೆ ನನಗೆ ಸಂಘದ ಹೆಸರು ಎತ್ತಿದರೆ ಮೈ ಉರಿಯುತ್ತಿತ್ತು. ಕಡೆಗೆ, ಮುಂದಿನ ಸಭೆಗೆ ನಾನೂ ಬರುತ್ತೇನೆ ಎಂದೆ. ವಾರ್ಡನ್ ಬಾಯಿಯವರು ನನ್ನ ಮುಖ ನೋಡಿ, "ಹೋಗಿ ಬಾ," ಎಂದರು, ಅಷ್ಟೇ.

ವೇಟಿಂಗ್ ರೂಮಿನಲ್ಲಿ ನಾನು ಎದ್ದು ನಿಂತು ಹೇಳಿದೆ. ಒಂದು ಗುಂಪಿನವರೆಲ್ಲ ಒಟ್ಟಿಗೆ ಊರು ಬಿಡಕೂಡದು. ಮನೆಯವರ ರಕ್ತವನ್ನೂ ನೋಡಬೇಕು, ಕೇಳಬೇಕು. ಮೊದಲನೆಯದಕ್ಕೆ ಎಲ್ಲರೂ ತಲೆಯಾಡಿಸಿದರು. ಎರಡನೆಯದಕ್ಕೆ ಬೇರೆ ಕಾಲೇಜಿನ ಹಿರಿಯ ವಿದ್ಯಾರ್ಥಿಯೊಬ್ಬ, "ಹೋದ ಸಲ ನೀವೇ ಬ್ಯಾಡ ಅಂದ್ರಿ, ಈ ಸಲ ನೀವೇ ಬೇಕು ಅಂತೀರಿ. ಮಂದಿ ಹೆದರಿ ರೋಗಿನ್ನ ಎತ್ಕೊಂಡು ಓಡಿ ಹೋದ್ರ?" ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಮ್ಮ ಸೆಕ್ರೆಟರಿ ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದವನು, "ಹಂಗಾರ ಮದಲ ಹೆದರಿಕಿ ತೆಗಿಯೋಣ್ರಿ. ಎಲ್ಲಾ ಕಾಲೇಜಿನವ್ರೂ ಕೂಡಿ ಒಂದೂರಾಗ ಮಂದಿ ಬೆರಳು ಚುಚ್ಚಿ ಗುಂಪು ಹೇಳೋಣ. ನೋವಿಲ್ಲ ಅಂತ ಅವರಿಗೂ ತಿಳೀಲಿ," ಎಂದ. ಯಾವ ಊರು ಎಂದು ಕೇಳಿದರು. ಸೇಡಂ ಎಂದು ನಾನೇ ಹೇಳಿದೆ.

ಅವ್ವನದು ಯಾವ ಗುಂಪು ಎಂದು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನೋಡಬಾರದೆಂದೇ ನೋಡಿರಲಿಲ್ಲ. ಮಕ್ಕಳ ರಕ್ತ ಎಲ್ಲಿಂದ ಬರುತ್ತದೆ ಎಂಬುದನ್ನು ಓದಿದವಳು ನಾನು. ಆ ಲೆಕ್ಕಕ್ಕೆ ಮನಸ್ಸು ಹೊರಟಾಗಲೆಲ್ಲ ಎದ್ದು ಬೇರೆ ಕೆಲಸ ಹಿಡಿಯುತ್ತಿದ್ದೆ.

ಸೇಡಂನಲ್ಲಿ ಶಾಲೆಯ ಪಡಸಾಲೆಯಲ್ಲಿ ಮೇಜು ಹಾಕಿ ಕೂತೆವು. ನಾಲ್ಕೂ ದಿಕ್ಕಿನ ಕಾಲೇಜುಗಳಿಂದ ಹುಡುಗರು ಬಂದಿದ್ದರು. ಮೈಕಿನಲ್ಲಿ ಕೂಗಿದ್ದೂ ಆಯಿತು. ಗಂಡಸರು ದೂರದ ಬೇವಿನ ಗಿಡದ ಕೆಳಗೆ ನಿಂತು ನೋಡುತ್ತಿದ್ದರು. ಹೆಂಗಸರು ಬಾಗಿಲವರೆಗೆ ಬಂದು, ಸೂಜಿ ಕಂಡು ಸೆರಗು ಬಾಯಿಗಿಟ್ಟುಕೊಂಡು ಹಿಂದೆ ಸರಿಯುತ್ತಿದ್ದರು. "ಬ್ಯಾಡ್ರಿ ಬಾಯಾರ, ನಮಗ ಹೆದರಿಕಿ ಬರ್ತದ," ಎಂದು ಒಬ್ಬರ ಹಿಂದೆ ಒಬ್ಬರು. ಬಿಸಿಲು ನೆತ್ತಿಗೆ ಬಂದರೂ ಒಂದು ಬೆರಳು ಮುಂದೆ ಬರಲಿಲ್ಲ. ವಾಡಿಯಲ್ಲಿ ಆಡಿದ ಮಾತೆಲ್ಲ ನೀರಿಗೆ ಹೋಯಿತು ಎಂದು ನಾನು ಕೂತಿದ್ದೆ.

ಆಗ ಅವ್ವ ಬಂದಳು. ಸೊಂಟದ ಮೇಲೆ ಅಕ್ಕನ ಕೂಸು. ಅದು ಅವಳ ಕಿವಿಯ ಓಲೆ ಹಿಡಿದು ಎಳೆಯುತ್ತಿತ್ತು. ಹೆಂಗಸರನ್ನು ದಾಟಿ ನೆಟ್ಟಗೆ ನನ್ನ ಮೇಜಿಗೆ ಬಂದು ಕೈ ಚಾಚಿದಳು.

"ಮದಲ ನಂದು ಚುಚ್ಚು. ನೋಡಿ ಅವರೂ ಬರ್ತಾರ."

"ನೀ ಬ್ಯಾಡ ಅವ್ವ," ಎಂದೆ.

"ಯಾಕ, ನಂದೇನು ರಕ್ತ ಅಲ್ಲೇನು? ಚುಚ್ಚು."

ಎಲ್ಲರೂ ನೋಡುತ್ತಿದ್ದರು. ಚುಚ್ಚಿದೆ. ಗಾಜಿನ ಪಟ್ಟಿಯ ಮೇಲೆ ಹನಿ ಇಟ್ಟು, ಔಷಧ ಬೆರೆಸಿ, ಅಲ್ಲಾಡಿಸುತ್ತ ಕೂತೆ. ಒಂದಾದರೂ ಹನಿ ಗಂಟು ಕಟ್ಟಲಿ, ಬೇರೆ ಯಾವ ಗುಂಪಾದರೂ ಆಗಲಿ ಎಂದು ನಾನು ಕಾದಷ್ಟು ಜೀವನದಲ್ಲಿ ಯಾವುದಕ್ಕೂ ಕಾದಿಲ್ಲ. ಒಂದೂ ಕಟ್ಟಲಿಲ್ಲ. ಪಕ್ಕದಲ್ಲಿ ನಿಂತಿದ್ದ ಸೆಕ್ರೆಟರಿ ಬಗ್ಗಿ ನೋಡಿದವನು ಪಡಸಾಲೆ ಇಳಿದು ಹೊರಗೆ ಹೋದ.

"ನಂದು ಯಾವುದವ್ವ?" ಎಂದು ಅವ್ವ ಕೇಳಿದಳು.

ಸುಳ್ಳು ಹೇಳಬಹುದಿತ್ತು. ನಾಲಿಗೆಗೆ ಬೇರೆ ಯಾವ ಗುಂಪಿನ ಹೆಸರೂ ಬರಲಿಲ್ಲ.

"ಓ ನೆಗೆಟಿವ್," ಎಂದೆ.

ಅವ್ವನಿಗೆ ಓದುಬರಹ ಬಾರದು. ಆದರೆ ಆ ಹೆಸರು ಅವಳಿಗೆ ಗೊತ್ತಿತ್ತು. ಆ ದಿನವೆಲ್ಲ ಅವಳ ತಲೆಯ ಮೇಲಿಂದಲೇ ಅದನ್ನು ಕೂಗುತ್ತ ಹುಡುಗರು ಓಡಾಡಿದ್ದರು. ಬೆರಳ ತುದಿಯ ರಕ್ತವನ್ನು ಸುಮ್ಮನೆ ನೋಡಿಕೊಂಡಳು. ಕೂಸನ್ನು ಸೊಂಟದ ಈ ಬದಿಯಿಂದ ಆ ಬದಿಗೆ ತೆಗೆದುಕೊಂಡಳು.

"ನಾ ಬಾಗಿಲದಾಗೇ ಕುಂತಿದ್ನಲ್ಲ," ಎಂದಳು.

ಹಿಂದೆ ನಿಂತಿದ್ದ ಹೆಂಗಸೊಬ್ಬಳು ಕತ್ತು ಚಾಚಿ, "ಯಕ್ಕಾ, ಭಾಳ ನೋವಾತೇನು?" ಎಂದು ಕೇಳಿದಳು. ಅವ್ವ ಸೆರಗಿನಿಂದ ಬೆರಳು ಒರೆಸಿಕೊಂಡು ಅವರ ಕಡೆ ತಿರುಗಿದಳು.

"ಇಲ್ಲವ್ವ, ಏನೂ ನೋವಾಗಂಗಿಲ್ಲ. ಬರ್ರಿ," ಎಂದಳು.