ಜರ್ಮನಿಯ ಕರಡಿಯನ್ನು ಗಡಿ ದಾಟಿಸಿದ್ದು

ಈ ಸಲ ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ ಕೊಪ್ಪಳದ ನಮ್ಮ ಮನೆಗೆ ಜರ್ಮನಿಯಿಂದ ಒಬ್ಬ ಅತಿಥಿ ಆಗಮಿಸಿದರು. ಎತ್ತರ ಒಂದು ಗೇಣು, ಬಣ್ಣ ಕಂದು, ಕುಲ ಕರಡಿ, ಒಳಗೆಲ್ಲ ಹತ್ತಿ. ಕೊರಳಲ್ಲಿ ಕೆಂಪು ಶಾಲು, ಶಾಲಿನ ತುದಿಗೆ ಒಂದು ಹಿತ್ತಾಳೆ ಗಂಟೆ, ಬೆನ್ನ ಮೇಲೆ ಬೆಂಕಿಪೊಟ್ಟಣದಷ್ಟು ಚೀಲ. ಅವರಿಗೊಂದು ಹೆಸರೂ ಇತ್ತು. ಅದನ್ನು ಹೇಳಲು ನಮ್ಮ ಮನೆಯಲ್ಲಿ ಯಾರ ಗಂಟಲೂ ಸಾಲಲಿಲ್ಲವಾದ್ದರಿಂದ ಕರಡಿ ಎಂದೇ ಕರೆದೆವು.

ಏಳನೆಯ ಇಯತ್ತೆಯ ನನ್ನ ಮೊಮ್ಮಗಳ ಶಾಲೆಗೂ ಜರ್ಮನಿಯ ಒಂದು ಶಾಲೆಗೂ ಕಾಗದದ ಸ್ನೇಹ. ಅಲ್ಲಿಯ ಒಂದು ತರಗತಿಯ ಆಸ್ತಿ ಈ ಕರಡಿ. ಅದು ಒಂದೊಂದು ಮನೆಯಲ್ಲಿ ಏಳು ದಿನ ಇರಬೇಕು. ಮನೆಯವರು ಅದಕ್ಕೆ ಊರು ತೋರಿಸಬೇಕು, ಫೋಟೋ ತೆಗೆಯಬೇಕು, ಕಂಡದ್ದನ್ನು ಅದರ ವಹಿಯಲ್ಲಿ ಬರೆಯಬೇಕು, ಮುಂದಿನ ಮನೆಗೆ ದಾಟಿಸಬೇಕು. ಜರ್ಮನಿ ಮುಗಿಸಿದ ಮೇಲೆ ನಮ್ಮ ದೇಶದಲ್ಲಿ ಎರಡೇ ಮನೆ. ಮೊದಲು ನಮ್ಮದು, ಆಮೇಲೆ ಕಾರಟಗಿಯಲ್ಲಿ ಅಕ್ಕಿ ಗಿರಣಿ ಇರುವ ಅವಳ ಗೆಳತಿಯದು. ಅಲ್ಲಿಂದ ಅಂಚೆಯಲ್ಲಿ ತವರಿಗೆ.

ನಾನು ಭೂಮಾಪನ ಇಲಾಖೆಯಲ್ಲಿ ಸರಪಳಿ ಹಿಡಿದು ಯಲಬುರ್ಗಾ, ಕುಷ್ಟಗಿ ತಾಲೂಕುಗಳ ಹೊಲಗಳಲ್ಲಿ ತಿರುಗಿ ನಿವೃತ್ತನಾದವನು. ಕಾಣುವುದನ್ನು ಅಳೆಯುವುದು, ಕಾಣದ್ದನ್ನು ನಂಬದಿರುವುದು ನನ್ನ ಧರ್ಮವೆಂದು ಸಾರುತ್ತ ಬಂದಿದ್ದೇನೆ. ಸಂಬಳ ಬರುತ್ತಿದ್ದಷ್ಟು ದಿನ ಆ ಧರ್ಮ ಚೆನ್ನಾಗಿಯೇ ನಡೆಯಿತು. ಹೆಂಡತಿ ತೀರಿಕೊಂಡ ಮೇಲೆ ಮನೆಯ ಆಡಳಿತ ಬೇವೂರಿನಿಂದ ಬಂದ ನನ್ನ ಅಕ್ಕನ ಕೈಯಲ್ಲಿದೆ. ಅವಳಿಗೆ ಎಂಬತ್ತು. ಮಗ ಬಾಗಲಕೋಟೆಯ ನೌಕರಿಯಿಂದ ವಾರಕ್ಕೊಮ್ಮೆ ಬರುತ್ತಾನೆ. ಸೊಸೆಯ ಮಡಿಲಲ್ಲಿ ಆರು ತಿಂಗಳ ಗಂಡು ಕೂಸು.

ಬಂದ ಸಂಜೆಯೇ ವಹಿಯ ಪಾರಾಯಣ ನಡೆಯಿತು. ಮೊಮ್ಮಗಳು ಪುಟದ ಮೇಲೆ ಫೋನ್ ಹಿಡಿದರೆ ಜರ್ಮನ್ ಅಕ್ಷರಗಳು ಅಲ್ಲೇ ಕರಗಿ ಕನ್ನಡವಾಗುತ್ತಿದ್ದವು. ಸರಕಾರಿ ಸುತ್ತೋಲೆಯ ಕನ್ನಡ, ಆದರೆ ಅರ್ಥವಾಗುತ್ತಿತ್ತು. ಮೊದಲ ಮನೆ ಹ್ಯಾಂಬರ್ಗಿನಲ್ಲಿ. ಕರಡಿ ದೋಣಿಯಲ್ಲಿ ಕುಳಿತು ಬಂದರು ನೋಡಿತು, ಹಡಗುಗಳನ್ನು ಎಣಿಸಿತು. ಆ ಮನೆಯ ಹುಡುಗನಿಗೆ ವಾರವಿಡೀ ಕೆಮ್ಮು. ಎರಡನೆಯದು ಕಲೋನ್. ದೊಡ್ಡ ಚರ್ಚಿನ ಗೋಪುರವನ್ನು ಮೆಟ್ಟಿಲು ಹತ್ತಿಯೇ ಏರಿತು, ರೈನ್ ನದಿಯನ್ನು ಮೇಲಿಂದ ಕಂಡಿತು. ಇಳಿಯುವಾಗ ಆ ಮನೆಯ ಅಜ್ಜಿಯ ಕಾಲು ಉಳುಕಿತು. ಮೂರನೆಯವರು ಬೆಟ್ಟದ ಸೀಮೆಯವರು. ಆಕಳುಗಳ ನಡುವೆ ಕೂರಿಸಿ ಫೋಟೋ ತೆಗೆದು, ಗಂಟೆ ಕಟ್ಟಿ ಕಳಿಸಿದರು. ಅವರ ನಾಯಿ ಎರಡು ದಿನ ಊಟ ಬಿಟ್ಟಿತ್ತು.

ನಾಲ್ಕನೆಯ ಮನೆಯ ಪುಟದಲ್ಲಿ ಫೋಟೋ ಒಂದೇ. ಕರಡಿ ಕಿಟಕಿಯ ಬಳಿ ಕುಳಿತಿದೆ. ಕೆಳಗೆ ಬರೆದಿದ್ದನ್ನು ಮೊಮ್ಮಗಳು ಓದಿದಳು: “ನಮ್ಮ ಮೂವರು ಮಕ್ಕಳಿಗೂ ಸೀತಾಳೆ ಸಿಡುಬು ಬಂದ ಕಾರಣ ಎಲ್ಲಿಗೂ ಹೋಗಲಾಗಲಿಲ್ಲ. ಅತಿಥಿಗೆ ಬೇಸರವಾಗಬಾರದೆಂದು ಮಕ್ಕಳು ಅದಕ್ಕೂ ಚುಕ್ಕಿಗಳನ್ನು ಇಟ್ಟಿದ್ದಾರೆ.”

ಶೇಂಗಾ ಸುಲಿಯುತ್ತಿದ್ದ ಅಕ್ಕನ ಕೈ ನಿಂತಿತು. “ಶಾಲು ಎತ್ತು,” ಎಂದಳು.

ಎತ್ತಿದೆವು. ಹೊಟ್ಟೆಯ ತುಂಬ ಕೆಂಪು ಪೆನ್ನಿನ ಚುಕ್ಕಿ. ಕೆಲವು ತೊಳೆದು ಮಾಸಿದ್ದವು, ಕೆಲವು ಇನ್ನೂ ಹಸಿಯಂತೆ ಹೊಳೆಯುತ್ತಿದ್ದವು.

ನಮ್ಮ ಕಡೆ ಆ ರೋಗದ ಹೆಸರನ್ನು ಯಾರೂ ಎತ್ತುವುದಿಲ್ಲ. ಅಮ್ಮ ಬಂದಾಳೆ ಎನ್ನುತ್ತಾರೆ. ಬಂದವಳನ್ನು ಬೈಯುವಂತಿಲ್ಲ. ಉಪಚಾರ ಮಾಡಿ, ಸಮಾಧಾನಪಡಿಸಿ ಕಳಿಸಬೇಕು.

“ಪೆನ್ನಿನ ಚುಕ್ಕಿಯಿಂದ ಬ್ಯಾನಿ ಬರೂದಿಲ್ಲಕ್ಕಾ,” ಎಂದೆ.

“ನೀ ಸುಮ್ಮಕಿರು. ಇದು ಮನಿಯಿಂದ ಮನಿಗೆ ಹ್ಯಾಂಗ ಬಂತು ನೋಡಿದೇನು? ಉಣಿಸ್ಯಾರ, ಉಡಿಸ್ಯಾರ, ಊರ ತೋರಿಸ್ಯಾರ, ಮುಂದಿನ ಮನಿಗೆ ಸಾಗ ಹಾಕ್ಯಾರ. ಇಷ್ಟ ಛಲೋ ಗೊಂಬಿ ಆಗಿದ್ರ ಒಂದ ಮನಿಯವ್ರರ ಯಾಕ ಇಟ್ಗೊಳ್ಳಿಲ್ಲ?”

ಅವಳು ಹೇಳುತ್ತಿದ್ದುದು ನನಗೂ ಗೊತ್ತಿದ್ದ ಪದ್ಧತಿಯನ್ನೇ. ಊರಲ್ಲಿ ಜಡ್ಡು ಬಿದ್ದಾಗ ಒಂದು ಸಣ್ಣ ಕಟ್ಟಿಗೆಯ ಗಾಡಿ ಮಾಡಿ, ಅದರಲ್ಲಿ ಅಮ್ಮನ ಗೊಂಬೆ ಕೂರಿಸಿ, ರವಿಕೆಯ ಖಣ, ಬಳೆ, ಮೊಸರನ್ನ ಇಟ್ಟು ಊರ ಗಡಿ ದಾಟಿಸಿ ಬರುತ್ತಾರೆ. ಆಚೆ ಊರಿನವರು ಅದನ್ನು ಎಸೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ತಾವೂ ಪೂಜೆ ಮಾಡಿ, ತಮ್ಮದೂ ಒಂದು ಖಣ ಸೇರಿಸಿ ಮುಂದಿನ ಗಡಿಗೆ ದೂಡಬೇಕು. ನೌಕರಿಯ ಹೊಸದರಲ್ಲಿ ತಳಕಲ್ ಕಡೆ ಅಂಥದೊಂದು ಗಾಡಿ ಎರಡು ಊರುಗಳ ನಡುವೆ ನಿಂತುಬಿಟ್ಟಿತ್ತು. ಅದು ಯಾರ ಸೀಮೆಯಲ್ಲಿದೆ ಎಂದು ಅಳೆದು ಹೇಳಲು ಎರಡೂ ಊರಿನ ಹಿರಿಯರು ನನ್ನನ್ನು ಕೇಳಿಕೊಂಡರು. ನಾನು ಸರಪಳಿ ಹಾಕಿ ಶಾಸ್ತ್ರೋಕ್ತವಾಗಿ ಅಳೆದೆ. ಸೋತ ಊರಿನ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಒಳಗೆ ಓಡಿದರು. ಆ ಬಾಗಿಲುಗಳು ಒಂದರ ಹಿಂದೆ ಒಂದು ಮುಚ್ಚಿಕೊಂಡ ಸದ್ದು ಇನ್ನೂ ಕಿವಿಯಲ್ಲಿದೆ.

ಚುಕ್ಕಿ ಕಂಡ ಸಂಜೆಯಿಂದ ನಮ್ಮ ಮನೆಯಲ್ಲಿ ಕರಡಿಗೆ ಬಹುವಚನ ಖಾಯಮಾಯಿತು. ಅಕ್ಕ ಅವರನ್ನು ಪಡಸಾಲೆಯ ಗೂಡಿನಲ್ಲಿ ಬೇವಿನ ಸೊಪ್ಪು ಹಾಸಿ ಕೂರಿಸಿದಳು. ಮುಂಜಾನೆ ಸಂಜೆ ಮೊಸರನ್ನ. ಅಮ್ಮ ಇರುವ ಮನೆಯಲ್ಲಿ ಒಗ್ಗರಣೆ ಚುರ್ ಅನ್ನಬಾರದೆಂಬ ಕಾನೂನಿನಂತೆ ನಾವೆಲ್ಲ ಸಪ್ಪೆ ಬೇಳೆ ಉಂಡೆವು. ನಾನು ಕ್ಷೌರ ಮಾಡಿಸಿಕೊಳ್ಳುವುದನ್ನೂ ಮುಂದಕ್ಕೆ ಹಾಕಿದೆ. ನಂಬಿಕೆಯಿಂದಲ್ಲ, ಅಂಗಡಿಯಲ್ಲಿ ಗದ್ದಲವಿತ್ತು ಎಂದು ಆಗ ಹೇಳಿದ್ದೆ.

ಮೊಮ್ಮಗಳು ಮಾತ್ರ ತನ್ನ ಕರ್ತವ್ಯ ಬಿಡಲಿಲ್ಲ. ಕೋಟೆ ತೋರಿಸಿದಳು. ಮೂರನೆಯ ದಿನ ಇಟಗಿಯ ಗುಡಿಗೆ ನನ್ನನ್ನೂ ಎಳೆದೊಯ್ದಳು. “ಅಜ್ಜಾ, ಕರಡೀನ್ನ ಛಲೋತ್ನಾಗಿ ಹಿಡಿ. ಹೆದರಿದವರಂಗ ಯಾಕ ನಿಂತಿ?” ಎಂದು ಕಂಬದ ಪಕ್ಕ ನಿಲ್ಲಿಸಿ ಫೋಟೋ ತೆಗೆದಳು. ಆ ಫೋಟೋ ಈಗಲೂ ಇದೆ. ಅದರಲ್ಲಿ ಕರಡಿ ನಿರಾಳವಾಗಿದೆ.

ನಾಲ್ಕನೆಯ ದಿನ ಕೂಸಿಗೆ ಜ್ವರ ಬಂತು.

ಮಧ್ಯಾಹ್ನದ ಹೊತ್ತಿಗೆ ಮೈ ಹಂಚಿನಂತೆ ಕಾದಿತ್ತು. ಸೊಸೆ ಅಂಗಿ ಬಿಚ್ಚಿ, ಒಮ್ಮೆ ನೋಡಿ, ನನ್ನ ಕಡೆ ತಿರುಗಿದಳು. ಹೊಟ್ಟೆಯ ಮೇಲೆ ಐದಾರು ಕೆಂಪು ಗುಳ್ಳೆ. ಕರಡಿಯ ಹೊಟ್ಟೆಯ ಮೇಲೆ ಅವು ಎಲ್ಲೆಲ್ಲಿದ್ದವು ಎಂದು ನೆನಪಿಸಿಕೊಳ್ಳದಿರಲು ಯತ್ನಿಸಿದೆ, ಆಗಲಿಲ್ಲ.

ಡಾಕ್ಟರು ಪರೀಕ್ಷಿಸಿ, “ಈಗ ಏನೂ ಹೇಳಾಕ ಬರೂದಿಲ್ರಿ. ನಾಳೆ ಮತ್ತ ಕರಕೊಂಡ ಬರ್ರಿ,” ಎಂದು ಔಷಧಿ ಬರೆದುಕೊಟ್ಟರು. ಅಕ್ಕನ ಬಳಿ ಅಷ್ಟು ವ್ಯವಧಾನವಿರಲಿಲ್ಲ.

“ತಮ್ಮಾ, ನಾಳೆ ಮುಂಜಾನೆ ಗಡಿ ದಾಟಸು.”

“ಏಳು ದಿನ ಅಂತ ಬರದೈತಿ ಯಮ್ಮಾ,” ಎಂದು ಮೊಮ್ಮಗಳು ಅಳತೊಡಗಿದಳು. “ಇನ್ನೂ ಆನೆಗುಂದಿ ತೋರಿಸಿಲ್ಲ.”

“ಆನೆಗುಂದಿ ದಾರ್ಯಾಗ ಬಸ್ಸಿನಿಂದ ನೋಡ್ಕೊಂಡು ಹೊಕ್ಕಾರ ಅವರು,” ಎಂದಳು ಅಕ್ಕ. ಆ ಬಸ್ಸು ಆನೆಗುಂದಿಯ ಕಡೆ ಹೋಗುವುದೇ ಇಲ್ಲವೆಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಅಕ್ಕ ಪಿಸುಗುಟ್ಟಿದಳು: “ಕಾರಟಗಿಯವ್ರಿಗೆ ಏನೂ ಹೇಳಾಕ ಹೋಗಬ್ಯಾಡ. ಹೇಳಿದ್ರ ಯಾರೂ ತಗೊಳ್ಳೂದಿಲ್ಲ.”

ಹೀಗೆ ಮರುದಿನ ನಾನು ಕೈಚೀಲದಲ್ಲಿ ಕರಡಿ, ಖಣ, ಬಳೆ, ಮೊಸರನ್ನದ ಡಬ್ಬಿ ಇಟ್ಟುಕೊಂಡು ಗಂಗಾವತಿ ಬಸ್ಸು ಹತ್ತಿದೆ. ಕೂಸಿನ ಮೈ ಇನ್ನೂ ಸುಡುತ್ತಿತ್ತು. ಚೀಲದಿಂದ ಹೊರಗೆ ಇಣುಕಿದ್ದ ಮುಖ ನೋಡಿ ಕಂಡಕ್ಟರ್ ನಕ್ಕ. “ಅಜ್ಜಾರ, ಇದಕ್ಕ ಫುಲ್ಲೋ ಹಾಫೋ?”

“ಅವರಿಗೆ ಹಂಗೆಲ್ಲಾ ಅನಬ್ಯಾಡಪ್ಪಾ,” ಎಂದೆ. ಅವನು ನನ್ನನ್ನು ಎರಡನೆಯ ಸಲ ನೋಡಿ ಮುಂದಿನ ಸೀಟಿಗೆ ಹೋದ.

ಕೊಪ್ಪಳ ತಾಲೂಕು ಎಲ್ಲಿ ಮುಗಿಯುತ್ತದೆ ಎಂಬುದು ನನಗೆ ಕಣ್ಣು ಮುಚ್ಚಿದರೂ ಗೊತ್ತು. ನೋಡಬಾರದೆಂದುಕೊಂಡರೂ ಅಲ್ಲಿ ಗಡಿಯಾರ ನೋಡಿದೆ. ಹತ್ತೂವರೆ. ಕರಡಿಯ ಕೊರಳ ಗಂಟೆ ಕುಲುಕಿತು. ರಸ್ತೆಯ ತಗ್ಗಿಗೆ ಇರಬೇಕು.

ಗಂಗಾವತಿಯಲ್ಲಿ ಬಸ್ಸು ಬದಲಿಸಿ, ಭತ್ತದ ಗದ್ದೆಗಳ ನಡುವೆ ಕಾರಟಗಿ ತಲುಪಿದೆ. ಗಿರಣಿಯ ಪಕ್ಕದ ಮನೆ. ಹೊಟ್ಟಿನ ಧೂಳಿನಲ್ಲೂ ಅಂಗಳ ಸಾರಿಸಿ ರಂಗೋಲಿ ಹಾಕಿದ್ದರು. ಗೆಳತಿ ಹುಡುಗಿ ಬಾಗಿಲಲ್ಲೇ ಕುಣಿಯುತ್ತಿದ್ದಳು. ಅವಳ ತಾಯಿ “ಬರ್ರಿ ಸರ, ಕುಂದರ್ರಿ. ಮೂರ ದಿನ ಮೊದಲ ತಂದ್ರೆಲ್ಲ, ಛಲೋ ಆತು,” ಎಂದು ನೀರು ಕೊಟ್ಟರು. ಅಜ್ಜಿಯೊಬ್ಬರು ಮಂಚದ ಮೇಲಿದ್ದರು. ಅವರ ಸೆರಗು ಹಿಡಿದು ಎರಡು ವರ್ಷದ ಗಂಡು ಮಗು ನಿಂತಿತ್ತು. ಮೂಗು ಸುರಿಯುತ್ತಿತ್ತು, ಹೊಟ್ಟೆಯ ಮೇಲೆ ಅಂಗಿ ಇರಲಿಲ್ಲ.

ಆ ಬರಿ ಹೊಟ್ಟೆ ಕಂಡು ನನ್ನ ಕೈ ಚೀಲದೊಳಗೇ ನಿಂತಿತು.

“ಅವ್ವಾರ, ಕೊಡೂಕಿಂತ ಮೊದಲ ಒಂದ ಮಾತ ಹೇಳಬೇಕ್ರಿ. ಇದು ಅಮ್ಮ ಬಂದಿದ್ದ ಮನ್ಯಾಗ ಇದ್ದು ಬಂದೈತಿ. ನಮ್ಮನಿ ಕೂಸಿಗೂ ನಿನ್ನಿಯಿಂದ ಜ್ವರ ಅದಾವ್ರಿ.”

ಅಜ್ಜಿ ಮೊಮ್ಮಗನನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. ತಾಯಿ “ಚಾ ಮಾಡ್ತೀನ್ರಿ” ಎಂದರೇ ಹೊರತು ಎದ್ದು ಹೋಗಲಿಲ್ಲ. ಆಗಲೇ ನನ್ನ ಫೋನು ಬಡಿದುಕೊಂಡಿತು. ಸೊಸೆ. ಎತ್ತಿದ ಕೂಡಲೇ ಅವಳ ಕೂಗು ಇಡೀ ಪಡಸಾಲೆಗೆ ಕೇಳಿಸಿತು: “ಮಾವಾರ, ಕೂಸಿನ ಜ್ವರ ಇಳದಾವ್ರಿ! ಡಾಕ್ಟರು ಬೆವರಗುಳ್ಳಿ ಅಂದ್ರು!”

ನಗಬೇಕೆಂದು ತುಟಿ ತೆರೆದವನು ಹಾಗೇ ಕುಳಿತೆ. ಎದುರಿಗಿದ್ದ ಮೂವರೂ ಚೀಲವನ್ನೇ ನೋಡುತ್ತಿದ್ದರು. ಪದ್ಧತಿಯ ಲೆಕ್ಕದಲ್ಲಿ ನಮ್ಮ ಮನೆಗೆ ಬಂದ ಶುಭವಾರ್ತೆ ಅವರ ಮನೆಗೆ ಅಮ್ಮ ಬಂದಳೆಂಬ ಜಾಹೀರುನಾಮೆ.

ಬಾಗಿಲ ಕಡೆ ಸರಿದು, ಫೋನನ್ನು ಕಿವಿಗೆ ಒತ್ತಿ, “ಯಾವಾಗ ಇಳದವು?” ಎಂದೆ.

“ಹತ್ತೂವರಿ ಸುಮಾರಿಗ್ರಿ, ದವಾಖಾನ್ಯಾಗ ಕುಂತಾಗ. ಒಮ್ಮಿಗ್ಲೆ ಬೆವತು ಬಿಟ್ಟಿತು.”

ಮೂವತ್ತು ವರ್ಷ ಅಳತೆಯಲ್ಲಿ ಒಂದು ಅಡಿ ಹೆಚ್ಚುಕಡಿಮೆ ಬರೆದವನಲ್ಲ ನಾನು. ಫೋನನ್ನು ಜೇಬಿಗಿಟ್ಟೆ. ತಿರುಗಿದಾಗ ಅಜ್ಜಿ ಕಾದಿದ್ದರು. “ಯಾವಾಗ ಇಳದವಂತ್ರಿ?”

“ನಿನ್ನಿ ಸಂಜೀಗೇ ಇಳದಿದ್ದುವಂತ್ರಿ. ಬರೇ ಬೆವರಗುಳ್ಳಿ. ಈಗ ಹೇಳ್ಯಾರ ಡಾಕ್ಟರು.”

ನಿನ್ನೆ ಸಂಜೆ ಕರಡಿ ನಮ್ಮ ಮನೆಯಲ್ಲೇ ಇದ್ದುದರಿಂದ ಅದಕ್ಕೂ ಜ್ವರ ಇಳಿದದ್ದಕ್ಕೂ ಸಂಬಂಧವಿಲ್ಲವೆಂದು ಸಾಬೀತಾಯಿತು. ತರ್ಕದಲ್ಲಿ ದೋಷವಿರಲಿಲ್ಲ, ಹೊತ್ತು ಮಾತ್ರ ಸುಳ್ಳು. ಅಜ್ಜಿ ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿ, “ಹಂಗಾದ್ರ ಕೊಡ್ರಿ,” ಎಂದರು. ಹೊರಗೆ ತೆಗೆದದ್ದೇ ತಡ, ಚಿಕ್ಕವನು ಓಡಿ ಬಂದು ಕಿತ್ತುಕೊಂಡು ಗಂಟೆಯನ್ನು ಬಾಯಿಗಿಟ್ಟುಕೊಂಡ. ನಾನು ಚಹಾ ಕುಡಿದೆನೋ ಇಲ್ಲವೋ ನೆನಪಿಲ್ಲ.

ಅಮ್ಮ ಮೈಮೇಲೆ ಕಾಣಿಸಿಕೊಳ್ಳಲು ಹದಿನೈದು ದಿನದವರೆಗೂ ಹಿಡಿಯಬಹುದು ಎಂದು ಡಾಕ್ಟರು ಹೇಳಿದ್ದರು. ಅಷ್ಟು ದಿನವೂ ಬೆಳಗ್ಗೆ ಕಾರಟಗಿಗೆ ಫೋನ್ ಮಾಡಿದೆ. ಹುಡುಗ ಹೇಗಿದ್ದಾನೆ ಎಂದು ಕೇಳುವಂತಿರಲಿಲ್ಲ, ಕೇಳಿದರೆ ನನ್ನ ಸುಳ್ಳು ತಾನೇ ಎದ್ದು ನಿಲ್ಲುತ್ತಿತ್ತು. ಭತ್ತದ ವಿಚಾರ ಕೇಳುತ್ತಿದ್ದೆ. ಈ ವಯಸ್ಸಿನಲ್ಲಿ ನಾನು ವ್ಯಾಪಾರಕ್ಕೆ ಇಳಿಯುತ್ತಿದ್ದೇನೆಂದು ತಿಳಿದು ಗಿರಣಿಯ ಯಜಮಾನರು ಸೋನಾ ಮಸೂರಿಯ ಮೇಲೆ ವಿಸ್ತಾರವಾಗಿ ಉಪನ್ಯಾಸ ಕೊಡುತ್ತಿದ್ದರು. ನಾನು ಅವರ ದನಿಯ ಹಿಂದೆ ಮಗುವಿನ ಸದ್ದಿಗಾಗಿ ಕಿವಿಗೊಡುತ್ತಿದ್ದೆ. ಹದಿನೈದನೆಯ ದಿನ ಹಿಂದೆ ಏನೂ ಕೇಳಲಿಲ್ಲ.

“ಇವತ್ತ ಮನ್ಯಾಗ ಭಾಳ ಸುಮ್ಮನೈತೆಲ್ರಿ?”

“ಸಣ್ಣಾವ ಮಲಗ್ಯಾನ್ರಿ.”

ಬೆಳಗಿನ ಹತ್ತು ಗಂಟೆಗೆ ಮಲಗಿದ್ದಾನೆ! ಅಂದು ನಾನು ಉಣ್ಣಲಿಲ್ಲ. ಹೊಟ್ಟೆ ಸರಿಯಿಲ್ಲವೆಂದೆ.

ಮರುದಿನ ಬೆಳಗ್ಗೆ ಅವರದೇ ಫೋನು ಬಂತು. ನಂಬರು ನೋಡಿ ಎರಡು ಸಲ ಬಡಿದುಕೊಳ್ಳಲು ಬಿಟ್ಟೆ. ಮೂರನೆಯ ಸಲ ಎತ್ತಿದೆ.

“ಸರ, ಏಳ ದಿನ ಮುಗದ್ರೂ ಬಿಡಾಕ ಮನಸಾಗಿರಲಿಲ್ಲ, ಇವತ್ತ ಕರಡೀನ್ನ ಪೋಸ್ಟಿಗೆ ಹಾಕಿ ಬಂದ್ವಿ. ನಿಮ್ಮ ಮೊಮ್ಮಗಳಿಗೆ ಹೇಳ್ರಿ. ನಮ್ಮ ಸಣ್ಣಾವ ಬ್ಯಾರೆ ಅದು ಬೇಕಂತ ಮನಿ ತೆಲಿ ಮ್ಯಾಲ ಹೊತಗೊಂಡಾನ. ಕೇಳ್ರಿ ಇಲ್ಲಿ.”

ಫೋನನ್ನು ಅವನ ಕಡೆ ಹಿಡಿದರು. ಅವನು ಗಂಟಲು ಬಿರಿಯುವಂತೆ ಅಳುತ್ತಿದ್ದ, ನೆಲಕ್ಕೆ ಕಾಲು ಬಡಿಯುತ್ತಿದ್ದ. ಜಡ್ಡಾದ ಮಗು ಹಾಗೆ ಅಳಲಾರದು. ಅದನ್ನು ಕೊನೆಯವರೆಗೂ ಕೇಳಿದೆ.

ಅಮ್ಮ ಸೀಮೆಯನ್ನೇ ಬಿಟ್ಟಳೆಂದು ಅಕ್ಕ ಅಂದೇ ಬೇಳೆಗೆ ಒಗ್ಗರಣೆ ಹಾಕಿದಳು. ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು. ಕರಡಿಯೀಗ ದಾರಿಯಲ್ಲಿದೆ. ಅದು ಹೋಗಿ ತಲುಪುವ ಜರ್ಮನಿಯ ಆ ತರಗತಿಯಲ್ಲಿ ಎಷ್ಟು ಮಕ್ಕಳೋ ಗೊತ್ತಿಲ್ಲ. ಅಲ್ಲಿಗೆ ಫೋನ್ ಮಾಡಿ ವಿಚಾರಿಸೋಣವೆಂದರೆ, ಆ ಊರಲ್ಲಿ ಭತ್ತ ಬೆಳೆಯುವುದಿಲ್ಲವಂತೆ.